ಮನೆಗಳ್ಳತನ ಮತ್ತು ಮನೆಯ ಕಾವಲು

ಮನೆಯವರು ಊರಲ್ಲಿಲ್ಲದಾಗ, ಇಲ್ಲವೇ ಒಳಗೆ ಮಲಗಿ ನಿದ್ದೆಹೋಗಿರುವಾಗ ನುಗ್ಗಿ ಸ್ವತ್ತು ಕದ್ದೊಯ್ಯುವುದಕ್ಕೆ ಕನ್ನಡದ ಹಳೆಯ ಮಾತು 'ಕನ್ನ ಹಾಕುವುದು'. ಗೋಡೆ ಕೊರೆದು ಮಾಡಿದ ಕಂಡಿಯೇ ಕನ್ನ. ಮಣ್ಣಿನ ಗೋಡೆಗಳ ಕಾಲ ಮುಗಿದು ಇಟ್ಟಿಗೆ, ಕಾಂಕ್ರೀಟು ಬಂದು ತಲೆಮಾರುಗಳೇ ಕಳೆದಿವೆ. ಆದರೂ ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಇಂದಿಗೂ 'ಹಗಲು ಕನ್ನಗಳವು', 'ರಾತ್ರಿ ಕನ್ನಗಳವು' ಎಂಬ ಹೆಸರುಗಳೇ ಬಳಕೆಯಲ್ಲಿವೆ. ಹೆಸರು ಉಳಿದಿದೆ, ಕೆಲಸದ ರೀತಿ ಬದಲಾಗಿದೆ. ಈಗಿನ ಕಳ್ಳ ಗೋಡೆ ಕೊರೆಯುವ ಕಷ್ಟ ಪಡುವುದಿಲ್ಲ. ಹೆಚ್ಚಾಗಿ ಅವನು ತಲೆಬಾಗಿಲಿನಿಂದಲೇ ಬರುತ್ತಾನೆ.

ಅವನಿಗೆ ಬೇಕಾದದ್ದು ಮೂರೇ: ಒಳಗೆ ಯಾರೂ ಇಲ್ಲ ಎಂಬ ಖಾತ್ರಿ, ಕೈಗೆ ಸಾಕಷ್ಟು ಹೊತ್ತು, ಯಾರ ಕಣ್ಣಿಗೂ ಬೀಳದ ದಾರಿ. ಮನೆಯ ಕಾವಲೆಂದರೆ ಈ ಮೂರರಲ್ಲಿ ಒಂದನ್ನಾದರೂ ಅವನಿಗೆ ಸಿಗದಂತೆ ಮಾಡುವುದು. ಬೀಗ, ಗ್ರಿಲ್, ನಾಯಿ, ಕ್ಯಾಮೆರಾ, ಪಕ್ಕದ ಮನೆಯ ಅಜ್ಜಿ, ಇವರೆಲ್ಲರ ಬೆಲೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

ಕನ್ನದ ಕಸುಬು ಎಷ್ಟು ಹಳೆಯದೆಂಬುದಕ್ಕೆ ಶೂದ್ರಕನ 'ಮೃಚ್ಛಕಟಿಕ' ನಾಟಕದ ಮೂರನೆಯ ಅಂಕವೇ ಸಾಕ್ಷಿ. ಅಲ್ಲಿ ಶರ್ವಿಲಕನೆಂಬ ಬ್ರಾಹ್ಮಣ ಕಳ್ಳ ಬಡ ಚಾರುದತ್ತನ ಮನೆಗೆ ರಾತ್ರಿ ಬರುತ್ತಾನೆ. ನೀರು ಬಿದ್ದು ಸಡಿಲವಾದ ಗೋಡೆಯ ಭಾಗ ಯಾವುದೆಂದು ಹುಡುಕುತ್ತಾನೆ. ಅಳತೆಯ ದಾರ ಮರೆತು ಬಂದದ್ದು ನೆನಪಾಗಿ ಜನಿವಾರದಿಂದಲೇ ಅಳೆಯುತ್ತಾನೆ. ಕಂಡಿಯನ್ನು ತಾವರೆಯಂತೆ ಕೊರೆಯಲೋ, ಸೂರ್ಯನಂತೆ ದುಂಡಗೋ, ತುಂಬಿದ ಕೊಡದಂತೋ ಎಂದು ಶಿಲ್ಪಿಯ ಹಾಗೆ ಲೆಕ್ಕ ಹಾಕುತ್ತಾನೆ. ಕದ ಕಿರುಗುಟ್ಟದಿರಲಿ ಎಂದು ನೀರು ಚಿಮುಕಿಸುತ್ತಾನೆ. ಕೊನೆಗೆ ಹೊತ್ತೊಯ್ಯುವುದು ವಸಂತಸೇನೆ ಆ ಮನೆಯಲ್ಲಿ ನಂಬಿ ಇಟ್ಟಿದ್ದ ಒಡವೆಗಳ ಗಂಟನ್ನು. ಈ ನಾಟಕವನ್ನು ಆಧರಿಸಿ ಗಿರೀಶ ಕಾರ್ನಾಡರು 1984ರಲ್ಲಿ 'ಉತ್ಸವ್' ಎಂಬ ಹಿಂದಿ ಚಿತ್ರ ನಿರ್ದೇಶಿಸಿದಾಗ ಕಳ್ಳನ ಪಾತ್ರ ಮಾಡಿದವರು ಶಂಕರ್ ನಾಗ್. ಕಾವ್ಯ ಬದಿಗಿಟ್ಟು ನೋಡಿದರೂ ಈ ದೃಶ್ಯದಲ್ಲಿ ಕಲಿಯುವುದಿದೆ. ಶರ್ವಿಲಕ ಗೋಡೆಯ ಗಟ್ಟಿ ಜಾಗದ ತಂಟೆಗೆ ಹೋಗುವುದಿಲ್ಲ, ಮನೆಯವರೇ ಅಲಕ್ಷಿಸಿದ ಜಾಗವನ್ನು ಹುಡುಕುತ್ತಾನೆ.

ಕೌಟಿಲ್ಯನ 'ಅರ್ಥಶಾಸ್ತ್ರ'ದ ನಾಲ್ಕನೆಯ ಅಧಿಕರಣ ತನಿಖಾಧಿಕಾರಿಗೆ ಇನ್ನೂ ಒಂದು ಪಾಠ ಹೇಳುತ್ತದೆ. ಕಳವಾದ ಮನೆಗೆ ಹೋದವನು ಕಳ್ಳ ಬಂದ ದಾರಿ, ಹೋದ ದಾರಿ, ಕದ ಮುರಿದ ಬಗೆ ಎಲ್ಲವನ್ನೂ ನೋಡಿ, ಇದು ಹೊರಗಿನವರ ಕೆಲಸವೋ, ಒಳಗಿನವರದೋ, ಇಬ್ಬರೂ ಕೂಡಿ ಮಾಡಿದ್ದೋ ಎಂದು ಮೊದಲು ನಿರ್ಣಯಿಸಬೇಕು. ಇಂದಿನ ಪಿಎಸ್‌ಐ ಮಹಜರು ಬರೆಯುವ ಮುನ್ನ ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಹಳೆಯ ಕಾಲದ ಕನ್ನಡನಾಡಿನ ಮನೆಗಳೇ ಕಾವಲಿಗೆ ತಕ್ಕಂತೆ ಕಟ್ಟಿದವು. ತೊಟ್ಟಿಮನೆಯ ಬೆಳಕು, ಗಾಳಿ ಎರಡೂ ನಡುವಿನ ಅಂಗಳದಿಂದ. ಬೀದಿಯ ಕಡೆಗೆ ಕಿಟಕಿ ಕಡಿಮೆ, ಇದ್ದರೂ ಕಿರಿದು. ತಲೆಬಾಗಿಲ ಹಿಂದೆ ಗೋಡೆಯೊಳಗಿಂದ ಎಳೆದು ಅಡ್ಡ ಹಾಕುವ ಮರದ ಅಗಳಿ. ಅದನ್ನು ಹೊರಗಿನಿಂದ ತೆಗೆಯಲು ಆನೆಯೇ ಬರಬೇಕು. ಉತ್ತರ ಕರ್ನಾಟಕದ ದೇಸಗತಿ ವಾಡೆಗಳ ಮಹಾದ್ವಾರದಲ್ಲಿ ಒಬ್ಬರೇ ಬಗ್ಗಿ ನುಸುಳುವಷ್ಟು ದಿಡ್ಡಿ ಬಾಗಿಲು ಇರುತ್ತಿತ್ತು. ತಗ್ಗಿಸಿದ ತಲೆಯೊಡನೆ ಬರುವವನು ಒಳಗಿನ ಕಾವಲುಗಾರನಿಗೆ ಸುಲಭದ ಗುರಿ. 'ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆ ಹುಟ್ಟಿದ್ದು ಇಂಥ ಬಾಗಿಲುಗಳ ನೆರಳಿನಲ್ಲಿ. ಕಾಳನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಊರಿಗೆ ದಂಡು ಬಂದರೆ ಹತ್ತಿ ನೋಡಲು ಹುಡೇವು ಇತ್ತು. ಗ್ರಾಮದ ಆಯಗಾರರಲ್ಲಿ ತಳವಾರನೂ ಒಬ್ಬ. ಊರಿನ ಕಾವಲು ಅವನ ಹೊಣೆ, ಅದಕ್ಕೆ ಪ್ರತಿಯಾಗಿ ಬೆಳೆಯಲ್ಲಿ ಅವನಿಗೆ ಪಾಲು. ಮನೆಯ ಕಾವಲು ಆಗ ಒಬ್ಬೊಬ್ಬರ ಪಾಡಾಗಿರಲಿಲ್ಲ, ಊರಿನ ಏರ್ಪಾಡಾಗಿತ್ತು.

ಬೀಗದ ಕತೆ ಇನ್ನೂ ಹಳೆಯದು. ಪ್ರಾಚೀನ ಈಜಿಪ್ಟಿನಲ್ಲಿ ಮರದ ಗೂಟಗಳು ಜಾರಿ ಬಿದ್ದು ಅಗಳಿಯನ್ನು ಹಿಡಿಯುವ ಬೀಗಗಳಿದ್ದವು. ಅದೇ ತತ್ವವನ್ನು ಪುಟ್ಟ ಲೋಹದ ಪಿನ್ನುಗಳಿಗೆ ಇಳಿಸಿ ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ರೂಪಿಸಿದ ಚಪ್ಪಟೆ ಕೀಲಿಕೈಯ ಬೀಗವೇ ಇಂದು ಲೋಕದ ಬಹುಪಾಲು ಬಾಗಿಲುಗಳಲ್ಲಿರುವುದು. 'ಯಾರೂ ತೆರೆಯಲಾರದ ಬೀಗ' ಎಂಬ ಹೆಮ್ಮೆಗೆ ಪೆಟ್ಟು ಬಿದ್ದದ್ದು 1851ರಲ್ಲಿ. ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ಹೆಸರುವಾಸಿಯಾದ ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. ಬ್ರಾಮಾ ಕಂಪನಿಯವರು ಅಂಗಡಿಯ ಕಿಟಕಿಯಲ್ಲಿಟ್ಟು, ತೆರೆದವರಿಗೆ 200 ಗಿನಿ ಬಹುಮಾನವೆಂದು ದಶಕಗಳ ಕಾಲ ಸವಾಲೊಡ್ಡಿದ್ದ ಬೀಗವನ್ನೂ ಬಿಡಲಿಲ್ಲ. ಅದಕ್ಕೆ ಹಿಡಿದದ್ದು 16 ದಿನಗಳಲ್ಲಿ ಹಂಚಿಹೋದ 51 ಗಂಟೆ. ಎರಡೂ ಬೀಗಗಳು ಸೋತವು ಎಂದು ಚರಿತ್ರೆ ಹೇಳುತ್ತದೆ. ಆದರೆ 51 ಗಂಟೆ ಬೇಡುವ ಬೀಗ ಯಾವ ಕಳ್ಳನಿಗೂ ಸೋಲುವುದಿಲ್ಲ. ಬೀಗದಿಂದ ನಾವು ಕೊಳ್ಳುವುದು ಹೊತ್ತನ್ನು.

ಭಾರತದಲ್ಲಿ ಅಲಿಗಢ ಮತ್ತು ತಮಿಳುನಾಡಿನ ದಿಂಡುಕಲ್ಲು ಬೀಗಕ್ಕೆ ಹೆಸರಾದ ಊರುಗಳು. ದಿಂಡುಕಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಮುಂಬಯಿಯ ಲಾಲ್‌ಬಾಗ್‌ನಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಬೀಗ ತಯಾರಿಕೆ ಶುರುಮಾಡಿದರು. 1923ರಿಂದ ಅದೇ ಕಂಪನಿಯ ಉಕ್ಕಿನ ಕಪಾಟುಗಳು ಬಂದವು. ಕನ್ನಡಿಗರ ಬಾಯಲ್ಲಿ ಯಾವ ಕಂಪನಿಯದಾದರೂ ಅದು 'ಗೋದ್ರೇಜ್ ಬೀರು' ಆಗಿಹೋಯಿತು. ಒಂದು ತಪ್ಪು ತಿಳಿವಳಿಕೆಯೂ ಜೊತೆಗೇ ಬಂತು. ಬಟ್ಟೆಬರೆಯ ಬೀರು ತಿಜೋರಿಯಲ್ಲ. ಅದರ ತಗಡು ತೆಳು, ಕಬ್ಬಿಣದ ಸಲಾಕೆಗೆ ಮಡಚಿಕೊಳ್ಳುತ್ತದೆ. ಬೀರುವಿನ ಕೀಲಿ ಬೀರುವಿನ ತಲೆಯ ಮೇಲೋ ಸೀರೆಗಳ ಮಡಿಕೆಯಲ್ಲೋ ಇರುತ್ತದೆಂಬುದು ಕಳ್ಳರಿಗೆಲ್ಲ ಗೊತ್ತು. ಒಡವೆ ಮನೆಯಲ್ಲೇ ಇಡಬೇಕೆಂದಾದರೆ ನೆಲಕ್ಕೋ ಗೋಡೆಗೋ ಒಳಗಿನಿಂದ ಬೋಲ್ಟ್ ಹಾಕಿ ಬಿಗಿದ ತಿಜೋರಿ ಬೇಕು. ಬಿಗಿಯದ ಸಣ್ಣ ತಿಜೋರಿಯನ್ನು ಪೆಟ್ಟಿಗೆಯ ಸಮೇತ ಹೊತ್ತೊಯ್ಯುತ್ತಾರೆ.

ಈಗ ಒಂದು ಬಾಗಿಲನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನದೋ ದಾವಣಗೆರೆಯದೋ ಸಾಧಾರಣ ಬಾಡಿಗೆ ಮನೆ. ತೇಗದ ಚೌಕಟ್ಟು, ಪ್ಲೈವುಡ್ ಕದ, ಹೊರಗೆ ಒಂದು ಹಿತ್ತಾಳೆ ಬೀಗ. ಬೀಗಕ್ಕೆ ಏಳೆಂಟುನೂರು ರೂಪಾಯಿ ಕೊಟ್ಟಿದ್ದಾರೆ, ಒಳಗೆ ಎಂಟು ಲಿವರುಗಳಿವೆ. ಅದನ್ನು ತೂಗುಹಾಕಿದ ಚಿಲಕದ ಕೊಂಡಿ ಮಾತ್ರ ಬಡಗಿ ತಂದ ಅಗ್ಗದ್ದು, ಅರ್ಧ ಇಂಚಿನ ನಾಲ್ಕು ಸ್ಕ್ರೂಗಳ ಮೇಲೆ ನಿಂತಿದೆ. ಕಳ್ಳ ಬೀಗವನ್ನು ಮುಟ್ಟುವುದೂ ಇಲ್ಲ. ಕೊಂಡಿಯ ಸಂದಿಗೆ ಸಲಾಕೆ ತೂರಿಸಿ ಒಮ್ಮೆ ಮೀಟಿದರೆ ಸ್ಕ್ರೂಗಳು ಮರದ ಪುಡಿಯೊಡನೆ ಹೊರಬರುತ್ತವೆ. ಬೆಳಿಗ್ಗೆ ನೋಡಿದರೆ ಬೀಗ ಹಾಕಿದಂತೆಯೇ ಇದೆ, ಕೊಂಡಿ ಕಿತ್ತು ನೇತಾಡುತ್ತಿದೆ. ಕದದ ಆಚೆಗೂ ತೂರಿಬರುವ ಬೋಲ್ಟು, ಒಳಗಿನಿಂದ ನಟ್ಟು, ಚೌಕಟ್ಟಿನೊಳಗೆ ಮೂರಂಗುಲ ಇಳಿಯುವ ಸ್ಕ್ರೂ, ಇಷ್ಟಕ್ಕೆ ತಗಲುವ ಖರ್ಚು ಬೀಗದ ಬೆಲೆಯ ಅರ್ಧವೂ ಅಲ್ಲ.

ಹೊರಗೆ ತೂಗುವ ಬೀಗಕ್ಕೆ ಇನ್ನೂ ಒಂದು ದೋಷವಿದೆ. ಮನೆಯಲ್ಲಿ ಯಾರೂ ಇಲ್ಲ ಎಂದು ಅದು ಬೀದಿಗೆಲ್ಲ ಸಾರುತ್ತದೆ. ಕದದೊಳಗೇ ಅಡಗಿದ ಬೀಗ ಏನನ್ನೂ ಹೇಳುವುದಿಲ್ಲ, ಒಳಗಿದ್ದರೂ ಹೊರಗಿದ್ದರೂ ಬಾಗಿಲು ಒಂದೇ ರೀತಿ ಕಾಣುತ್ತದೆ. ಎಳೆದರೆ ತಾನೇ ಬೀಳುವ ಲ್ಯಾಚ್ ಇದ್ದರೆ ಅಷ್ಟಕ್ಕೆ ನಂಬಿ ಹೊರಡಬಾರದು. ಓರೆ ನಾಲಗೆಯ ಲ್ಯಾಚನ್ನು ಗಟ್ಟಿ ಪ್ಲಾಸ್ಟಿಕ್ ಕಾರ್ಡಿನಿಂದ ಹಿಂದಕ್ಕೆ ತಳ್ಳಬಹುದು. ಕೀಲಿ ತಿರುಗಿಸಿ ಡೆಡ್‌ಬೋಲ್ಟ್ ಹೊರಬಂದ ಮೇಲೆಯೇ ಬಾಗಿಲು ಭದ್ರ.

ಮನೆ ಖಾಲಿ ಎಂಬುದನ್ನು ಹೇಳುವ ಗುರುತುಗಳು ಇನ್ನೂ ಬಹಳ. ಗೇಟಿನೊಳಗೆ ಮೂರು ದಿನದ ಪತ್ರಿಕೆ, ಚೀಲದಲ್ಲಿ ಒಡೆದ ಹಾಲಿನ ಪ್ಯಾಕೆಟ್, ಹಾಡುಹಗಲಲ್ಲೂ ಉರಿಯುವ ಪೋರ್ಟಿಕೊ ದೀಪ, ಒಣಗಿದ ತುಳಸಿ. ಎಲ್ಲಕ್ಕಿಂತ ಸ್ಪಷ್ಟವಾದದ್ದು ರಂಗೋಲಿಯಿಲ್ಲದ ಹೊಸಿಲು. ಕೇರಿಯ ಎಲ್ಲ ಬಾಗಿಲ ಮುಂದೆ ಬೆಳ್ಳಗೆ ಎಳೆಗಳಿರುವಾಗ ಒಂದರ ಮುಂದೆ ಮಾತ್ರ ಧೂಳು ಕೂತಿದ್ದರೆ ಬೈಕಿನಲ್ಲಿ ಹಾದುಹೋಗುವ ಅಪರಿಚಿತನಿಗೂ ಗೊತ್ತಾಗುತ್ತದೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ 'ನಮ್ಮ ಬಾಗಿಲಿಗೂ ನೀರು ಹಾಕಿ ಎರಡೆಳೆ ಎಳೆದುಬಿಡಿ' ಎಂದು ಹೇಳಿಹೋಗುವ ಹೆಂಗಸರು ಸಾವಿರಾರು ರೂಪಾಯಿಯ ಅಲಾರಂಗಿಂತ ಮಿಗಿಲಾದ ಕಾವಲನ್ನು ಏರ್ಪಡಿಸಿರುತ್ತಾರೆ. ಮದುವೆ, ಗೃಹಪ್ರವೇಶ, ತಿಥಿ, ಜಾತ್ರೆ, ಬೇಸಿಗೆ ರಜೆ, ದಸರೆ ಇವು ಕಳ್ಳರ ಹಂಗಾಮು. ಪ್ರವಾಸದ ಫೋಟೊಗಳನ್ನು ಅಲ್ಲಿಂದಲೇ ಫೇಸ್‌ಬುಕ್ಕಿಗೆ ಹಾಕುವವರು ಬೀಗ ತೂಗುಹಾಕಿದ್ದನ್ನೇ ಇನ್ನಷ್ಟು ದೂರಕ್ಕೆ ಸಾರುತ್ತಾರೆ.

ಇನ್ನು ಕೀಲಿಕೈಯ ಮಾತು. ಚಪ್ಪಲಿ ಗೂಡು, ಹೂಕುಂಡದ ತಳ, ಮೀಟರ್ ಬೋರ್ಡಿನ ಮೇಲ್ಭಾಗ, ಕಿಟಕಿಯ ಸಜ್ಜೆ. ಮಕ್ಕಳು ಶಾಲೆಯಿಂದ ಬಂದಾಗ, ಕೆಲಸದವರು ಬಂದಾಗ ಸಿಗಲಿ ಎಂದು ಇಲ್ಲೆಲ್ಲ ಕೀಲಿ ಇಡುತ್ತಾರೆ. ಬೆಂಗಳೂರಿನ ಪೊಲೀಸರು ವರ್ಷವರ್ಷವೂ ಬೇಡ ಎಂದು ಹೇಳುತ್ತಲೇ ಬಂದಿದ್ದಾರೆ. ಈ ಬಗೆಯ ಕಳವಿನಲ್ಲಿ ಕೆಲವು ಕಳ್ಳರು ಬಾಗಿಲು ತೆರೆದು, ಒಡವೆ ತೆಗೆದುಕೊಂಡು, ಬೀರುವನ್ನೂ ಬಾಗಿಲನ್ನೂ ಮೊದಲಿನಂತೆ ಮುಚ್ಚಿ, ಕೀಲಿಯನ್ನು ಇದ್ದಲ್ಲೇ ಇಟ್ಟುಹೋಗುತ್ತಾರೆ. ಮನೆಯವರಿಗೆ ಗೊತ್ತಾಗುವುದು ಮುಂದಿನ ಮದುವೆಗೆ ಸರ ಹುಡುಕುವಾಗ. ಅಷ್ಟರಲ್ಲಿ ಕ್ಯಾಮೆರಾದ ದೃಶ್ಯ ಅಳಿಸಿಹೋಗಿರುತ್ತದೆ, ಬೆರಳಚ್ಚು ಒರಸಿಹೋಗಿರುತ್ತದೆ. ಅನುಮಾನ ಮಾತ್ರ ಮನೆಗೆಲಸದಾಕೆಯ ಮೇಲೆ ಹೋಗಿ ಕೂರುತ್ತದೆ. ಇದು ಕಳವಿಗಿಂತ ದೊಡ್ಡ ಅನ್ಯಾಯ.

ಹಿತ್ತಿಲ ಬಾಗಿಲು, ಸ್ನಾನದ ಮನೆಯ ಗಾಳಿಕಿಂಡಿ, ತಾರಸಿಯ ಬಾಗಿಲು, ಈ ಮೂರು ಶರ್ವಿಲಕನ ಸಡಿಲ ಗೋಡೆಗಳು. ಗಾಳಿಕಿಂಡಿಯ ಗಾಜಿನ ಪಟ್ಟಿಗಳನ್ನು ಸದ್ದಿಲ್ಲದೆ ಒಂದೊಂದೇ ಎಳೆದು ತೆಗೆಯಬಹುದು, ಅದಕ್ಕೆ ಒಳಗಿನಿಂದ ಕಬ್ಬಿಣದ ಸರಳು ಬೇಕು. ಮಲೆನಾಡು, ಕರಾವಳಿಯಲ್ಲಿ ಹೆಂಚು ಸರಿಸಿ ಇಳಿಯುವವರಿದ್ದಾರೆ. ಬೇಸಿಗೆಯಲ್ಲಿ ಕಿಟಕಿ ತೆರೆದು ಮಲಗಿದರೆ ಕೋಲಿನ ತುದಿಗೆ ಕೊಕ್ಕೆ ಕಟ್ಟಿ ಪ್ಯಾಂಟು, ಮೊಬೈಲು, ಕೈಚೀಲ ಎಳೆಯುತ್ತಾರೆ. ಗ್ರಿಲ್ ಹಾಕಿಸುವಾಗ ಎಲ್ಲ ಕಿಟಕಿಗೂ ಬೆಸುಗೆ ಹಾಕಿ ಮುಚ್ಚಿಬಿಡುವುದು ಮಾತ್ರ ಅಪಾಯ. ಬೆಂಕಿ ಬಿದ್ದ ದಿನ ಅದೇ ಗ್ರಿಲ್ ಪಂಜರವಾಗುತ್ತದೆ. ಒಂದಾದರೂ ಒಳಗಿನಿಂದ ತೆರೆಯುವಂತಿರಬೇಕು.

ಯಾವ ಸಾಧನಕ್ಕೆ ಎಷ್ಟು ಬೆಲೆ ಎಂಬುದನ್ನು ಅಳೆದು ನೋಡಿದ ಅಧ್ಯಯನಗಳಿವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಂತೆ ಕಿಟಕಿಯ ಬೀಗ, ಒಳಗಿನ ದೀಪ, ಬಾಗಿಲ ಭದ್ರ ಬೀಗ, ಹೊರಗಿನ ದೀಪ, ಈ ನಾಲ್ಕೂ ಕೂಡಿದಾಗ ರಕ್ಷಣೆ ಹಲವು ಪಟ್ಟು ಹೆಚ್ಚುತ್ತದೆ. ಅಲಾರಂ ಒಂದನ್ನೇ ನಂಬಿದವರಿಗೆ ಅಂಥ ಲಾಭ ಕಾಣಲಿಲ್ಲ. ಸಂಜೆ ತಾನೇ ಹೊತ್ತಿ ರಾತ್ರಿ ತಾನೇ ಆರುವ ಟೈಮರ್ ದೀಪ ಇಂದು ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ.

ಕ್ಯಾಮೆರಾ ಕಳ್ಳನನ್ನು ತಡೆಯುವುದಕ್ಕಿಂತ ಹಿಡಿಯಲು ಹೆಚ್ಚು ನೆರವಾಗುತ್ತದೆ. ಅದೂ ಮುಖ ಕಾಣುವ ಎತ್ತರದಲ್ಲಿದ್ದರೆ. ಸೂರಿನ ತುದಿಯಲ್ಲಿ ಕೂತ ಕ್ಯಾಮೆರಾ ತೋರಿಸುವುದು ಟೊಪ್ಪಿಗೆಯನ್ನು. ಕಳ್ಳರು ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೇ ಕಿತ್ತೊಯ್ದ ಪ್ರಕರಣಗಳು ಎಷ್ಟೋ. ಅದನ್ನು ಟಿವಿಯ ಕೆಳಗಿಡದೆ ಬೇರೆಡೆ ಅಡಗಿಸಬೇಕು, ಇಲ್ಲವೇ ದೃಶ್ಯ ಕ್ಲೌಡ್‌ನಲ್ಲಿ ಉಳಿಯುವಂತಿರಬೇಕು. ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡನ್ನು ಬದಲಿಸದಿದ್ದರೆ ಆ ಕಣ್ಣಿನಿಂದ ಬೇರೆಯವರೂ ಮನೆಯೊಳಗೆ ನೋಡಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಲು ಪ್ರಮಾಣಪತ್ರ ಜೊತೆಗಿರಬೇಕು. ಕೊಲ್ಲಿ ದೇಶಗಳಲ್ಲೂ ಅಮೆರಿಕದಲ್ಲೂ ಇರುವ ಕನ್ನಡಿಗರು, ತುಳುವರು ಊರಿನ ಖಾಲಿ ಮನೆಯನ್ನು ಅಥವಾ ಒಂಟಿಯಾಗಿರುವ ತಂದೆತಾಯಿಯನ್ನು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಅಲ್ಲಿ ಎಚ್ಚರಿಕೆ ಬಂದ ಕೂಡಲೇ ಇಲ್ಲಿ ಓಡಿಹೋಗಿ ಬಾಗಿಲು ತಟ್ಟುವವರು ಒಬ್ಬರಾದರೂ ಇದ್ದಾಗಲೇ ಆ ಕಣ್ಣಿಗೆ ಬೆಲೆ.

ನಾಯಿಯ ಕೆಲಸ ಕಚ್ಚುವುದಲ್ಲ, ಬೊಗಳುವುದು. ಮುಧೋಳವೇ ಆಗಬೇಕೆಂದಿಲ್ಲ. ಬೀದಿಯ ನಾಯಿಗೆ ದಿನಾ ಒಂದು ತುತ್ತು ಹಾಕಿದವರ ಗೇಟಿನ ಮುಂದೆ ಅದು ಅಪರಿಚಿತನನ್ನು ಬಿಡುವುದಿಲ್ಲ.

ಕಬ್ಬಿಣಕ್ಕಿಂತ ಮಿಗಿಲಾದದ್ದು ಮನುಷ್ಯರ ಕಣ್ಣು. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ನಗರಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಬೀದಿಯನ್ನು ಕಾಯುವುದು ಬೀದಿಯ ಮೇಲಿರುವ ಕಣ್ಣುಗಳು ಎಂದು ವಾದಿಸಿದರು. ಜಗಲಿಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ 'ಯಾರಪ್ಪಾ ನೀನು, ಯಾರ ಮನೆಗೆ ಬಂದೆ?' ಎಂದು ಕೇಳುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದದ್ದು ಇದನ್ನೇ. ಆಳೆತ್ತರದ ಕಾಂಪೌಂಡು ಕಟ್ಟಿದ ಮನೆಗಳಲ್ಲಿ ಈ ಕಣ್ಣು ಕುರುಡಾಗಿದೆ. ಎತ್ತರದ ಗೋಡೆ ದಾಟುವವರೆಗೆ ಮಾತ್ರ ಕಳ್ಳನಿಗೆ ಅಡ್ಡಿ. ದಾಟಿದ ಮೇಲೆ ಅದು ಅವನಿಗೇ ಮರೆ.

ಇಂಗ್ಲೆಂಡಿನ ರಾಚ್‌ಡೇಲ್ ಬಳಿಯ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗ ಇಲ್ಲಿ ಹೇಳಲೇಬೇಕಾದದ್ದು. ಒಮ್ಮೆ ಕಳವಾದ ಮನೆಯಲ್ಲೇ ಮತ್ತೆ ಕಳವಾಗುವುದು ಹೆಚ್ಚು ಎಂಬುದನ್ನು ಅಲ್ಲಿಯವರು ಗಮನಿಸಿದರು. ನಾಣ್ಯ ಹಾಕಿ ಓಡಿಸುವ ಗ್ಯಾಸ್, ವಿದ್ಯುತ್ ಮೀಟರುಗಳ ಡಬ್ಬಿಯ ಹಣವೇ ಆಕರ್ಷಣೆಯಾಗಿದ್ದರಿಂದ ಆ ಮೀಟರುಗಳನ್ನು ತೆಗೆಸಿದರು. ಕಳವಾದ ಮನೆಯ ಬಾಗಿಲುಗಳನ್ನು ಕೂಡಲೇ ಭದ್ರಪಡಿಸಿದರು. ಸುತ್ತಲಿನ ಐದಾರು ಮನೆಯವರನ್ನು ಆ ಮನೆಯ ಮೇಲೆ ಕಣ್ಣಿಡಲು ಒಪ್ಪಿಸಿದರು. ಮೂರು ವರ್ಷಗಳಲ್ಲಿ ಅಲ್ಲಿನ ಕನ್ನಗಳವುಗಳು ಮುಕ್ಕಾಲು ಪಾಲು ಇಳಿದವು. ಒಂದು ಮನೆಯಲ್ಲಿ ಕಳವಾದ ಮೇಲಿನ ಕೆಲವು ವಾರಗಳು ಅಕ್ಕಪಕ್ಕದವರಿಗೂ ಅಪಾಯದ ಹೊತ್ತು ಎಂಬುದನ್ನು ಅನಂತರದ ಅಧ್ಯಯನಗಳು ಬೇರೆ ಬೇರೆ ದೇಶಗಳಲ್ಲಿ ದೃಢಪಡಿಸಿವೆ. ಕಳ್ಳ ಮತ್ತೆ ಆ ಕಡೆ ಬರುವುದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು. ಅವನಿಗೆ ದಾರಿ ಈಗ ಪರಿಚಯವಾಗಿದೆ.

ಕರ್ನಾಟಕದಲ್ಲಿ ಊರಿಗೆ ಹೋಗುವ ಮುನ್ನ ಠಾಣೆಗೆ ತಿಳಿಸಿದರೆ ರಾತ್ರಿ ಬೀಟಿನ ಸಿಬ್ಬಂದಿ ಬೀಗ ಹಾಕಿದ ಮನೆಯ ಕಡೆಗೂ ಬಂದು ನೋಡುವ ಪದ್ಧತಿ ಹಲವೆಡೆ ಇದೆ. ಬಳಸಿಕೊಳ್ಳುವವರು ಕಡಿಮೆ. ಸದ್ದು ಕೇಳಿದರೆ, ಅನುಮಾನ ಬಂದರೆ ಕರೆ ಮಾಡಬೇಕಾದ ಸಂಖ್ಯೆ 112. ಹೊತ್ತು ಎಷ್ಟು ಮುಖ್ಯ ಎಂಬುದಕ್ಕೆ 2024ರ ಜುಲೈನಲ್ಲಿ ಮಂಗಳೂರಿನಲ್ಲಿ ನಡೆದ ಘಟನೆ ಸಾಕು. 'ಚಡ್ಡಿ ಗ್ಯಾಂಗ್' ಎಂದು ಪತ್ರಿಕೆಗಳು ಕರೆದ ತಂಡ ನಸುಕಿನಲ್ಲಿ ವೃದ್ಧ ದಂಪತಿಯ ಮನೆಗೆ ನುಗ್ಗಿ, ಹಲ್ಲೆ ಮಾಡಿ, ಒಡವೆ ದೋಚಿ, ಅವರದೇ ಕಾರಿನಲ್ಲಿ ಹೋಯಿತು. ಕಾರು ಮೂಲ್ಕಿಯಲ್ಲಿ ಸಿಕ್ಕಿತು. ಬಸ್ಸಿನಲ್ಲಿ ಬೆಂಗಳೂರಿನತ್ತ ಹೊರಟಿದ್ದ ನಾಲ್ವರನ್ನು ಪೊಲೀಸರು ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಹಿಡಿದರು. ಮಾಹಿತಿ ಅರ್ಧ ದಿನ ತಡವಾಗಿದ್ದರೆ ಅವರು ರಾಜ್ಯವನ್ನೇ ದಾಟಿರುತ್ತಿದ್ದರು.

ಬಾಗಿಲು ಮುರಿಯದೆ ಮಾತಿನಿಂದಲೇ ತೆರೆಸುವವರೂ ಇದ್ದಾರೆ. ಮಧ್ಯಾಹ್ನ ಹನ್ನೊಂದು, ಹನ್ನೆರಡರ ಹೊತ್ತು, ಗಂಡಸರು ಕೆಲಸಕ್ಕೆ ಹೋಗಿದ್ದಾರೆ. ಇಬ್ಬರು ಯುವಕರು ಬಂದು ಪಾತ್ರೆ ಹೊಳಪಿಸುವ ಪುಡಿ ಎನ್ನುತ್ತಾರೆ. ಹಿತ್ತಾಳೆ ದೀಪ ಉಜ್ಜಿ ಕೊಡುತ್ತಾರೆ, ಅದು ನಿಜವಾಗಿಯೂ ಫಳಫಳ. ಮತ್ತೆ ಬೆಳ್ಳಿ ಕಾಲುಂಗುರ. ನಂಬಿಕೆ ಬಂದ ಮೇಲೆ ಬಳೆ, ಮಾಂಗಲ್ಯದ ಸರ. ಚಿನ್ನವನ್ನು ಕರಗಿಸುವ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆದರೆ ಒಡವೆ ಹೊಳೆಯುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಇನ್ನು ಕೆಲವರು ಡಬ್ಬಿಯಲ್ಲಿ ಅರಿಸಿನದ ನೀರು ಹಾಕಿ, ಸರ ಅದರಲ್ಲಿದೆ, ಒಲೆಯ ಮೇಲಿಟ್ಟು ಅರ್ಧ ಗಂಟೆ ತೆರೆಯಬೇಡಿ ಎಂದು ಹೇಳಿ ಹೊರಡುತ್ತಾರೆ. ತೆರೆದಾಗ ಅಲ್ಲಿ ಅರಿಸಿನ ಮಾತ್ರ. ಕುಡಿಯಲು ನೀರು ಕೇಳುವವರು, ಗ್ಯಾಸ್ ಪರೀಕ್ಷೆಗೆ, ಪಾಲಿಕೆಯಿಂದ ಬಂದೆವು ಎನ್ನುವವರೂ ಇದೇ ಸಾಲಿನವರು. ಸರಪಳಿ ಹಾಕಿದ ಬಾಗಿಲ ಸಂದಿಯಿಂದ ಮಾತಾಡುವುದು ಅಗೌರವವಲ್ಲ. ನಿಜವಾದ ಸಿಬ್ಬಂದಿ ಗುರುತಿನ ಚೀಟಿ ತೋರಿಸಲು ಬೇಸರಿಸುವುದಿಲ್ಲ.

ಎಚ್ಚರ ಅನುಮಾನವಾಗಿ ತಿರುಗಿದಾಗ ಆಗುವ ಕೇಡನ್ನೂ ಇಲ್ಲಿ ಹೇಳದೆ ಬಿಡಲಾಗದು. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಮಾಡಿತು. ಹುಬ್ಬಳ್ಳಿ, ಗದಗ ಮುಂತಾದ ಕಡೆ ಅವರನ್ನು ತಂತಿಬೇಲಿಯೊಳಗಿನ ವಸತಿಗಳಲ್ಲಿಟ್ಟು ದಿನವೂ ಹಾಜರಿ ತೆಗೆದುಕೊಂಡರು. ಹುಬ್ಬಳ್ಳಿಯ ಆ ಭಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಕಾಯಿದೆ 1952ರಲ್ಲಿ ರದ್ದಾಯಿತು, ಕಳಂಕ ಅಷ್ಟು ಬೇಗ ಅಳಿಯಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ನಿರಪರಾಧಿ ಯುವಕನೊಬ್ಬನನ್ನು ಹೊಡೆದು ಕೊಂದಿತು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಇವನು ಕಳ್ಳ' ಎಂದು ಯಾರದೋ ಫೋಟೊ ಹರಿಬಿಡುವವರು ಮುರ್ಕಿಯನ್ನು ನೆನಪಿಡಬೇಕು. ಮನೆಗೆಲಸಕ್ಕೆ ಸೇರಿಸಿಕೊಳ್ಳುವಾಗ ವಿಳಾಸ, ಗುರುತಿನ ಚೀಟಿ ಪಡೆದು ಪೊಲೀಸ್ ಪರಿಶೀಲನೆ ಮಾಡಿಸುವುದು ಸರಿ. ಕಳವಾದ ಕೂಡಲೇ ಆಕೆಯನ್ನೇ ಮೊದಲು ಬೈಯುವುದು ಸರಿಯಲ್ಲ.

ಕಾನೂನು ಮನೆಯನ್ನು ಗಂಭೀರವಾಗಿಯೇ ಕಾಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಂತೆ ವಾಸದ ಮನೆಯಲ್ಲಿ ಕದ್ದರೆ ಏಳು ವರ್ಷದವರೆಗೆ ಸೆರೆ. ಕನ್ನ ಹಾಕುವ ಆರು ಬಗೆಗಳನ್ನು 330ನೇ ಕಲಮು ವಿವರಿಸುತ್ತದೆ. ಗೋಡೆ ಕೊರೆಯುವುದಷ್ಟೇ ಅಲ್ಲ, ಬೀಗ ತೆರೆದು ಒಳಹೋಗುವುದೂ ಕನ್ನವೇ. ಸೂರ್ಯ ಮುಳುಗಿ ಮತ್ತೆ ಹುಟ್ಟುವುದರೊಳಗೆ ಕದಿಯಲೆಂದು ಕನ್ನ ಹಾಕಿದರೆ 331ನೇ ಕಲಮಿನಂತೆ 14 ವರ್ಷದವರೆಗೆ. ಕದ್ದ ಮಾಲನ್ನು ಗೊತ್ತಿದ್ದೂ ಕೊಳ್ಳುವವನಿಗೆ 317ನೇ ಕಲಮು. ಮನೆಯವರಿಗೆ ಆತ್ಮರಕ್ಷಣೆಯ ಹಕ್ಕಿದೆ, ರಾತ್ರಿಯ ಕನ್ನದಲ್ಲಿ ಅದು ಹೆಚ್ಚು ವಿಸ್ತಾರ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಹಿಡಿದ ಕಳ್ಳನನ್ನು ಕಂಬಕ್ಕೆ ಕಟ್ಟಿ ಥಳಿಸುವುದು ಅಪರಾಧ. ಸಾರ್ವಜನಿಕರು ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬೇಲಿಗೆ ನೇರ ವಿದ್ಯುತ್ ಹರಿಸುವುದಂತೂ ಪಕ್ಕದ ಮನೆಯ ಮಗುವನ್ನೇ ಬಲಿ ತೆಗೆದುಕೊಳ್ಳಬಹುದಾದ ಕೃತ್ಯ.

ಕನ್ನಡಿಗರ ಮನೆಗಳಲ್ಲಿ ಕಳ್ಳ ಹುಡುಕುವುದು ಮೊದಲು ಚಿನ್ನವನ್ನೇ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಒಂದು ಸರವೆಂದರೆ ಒಂದು ವರ್ಷದ ದುಡಿಮೆ. ಬ್ಯಾಂಕ್ ಲಾಕರ್ ಮನೆಗಿಂತ ಭದ್ರ. ಅದರ ಮಿತಿಯೂ ಗೊತ್ತಿರಬೇಕು. ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನ ಬೆನ್ನಲ್ಲೇ ರಿಸರ್ವ್ ಬ್ಯಾಂಕ್ ರೂಪಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದಂತೆ ಕಳವು, ಬೆಂಕಿ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿಯಾದರೆ 3 ಲಕ್ಷ. ಅಷ್ಟರಲ್ಲಿ ಇಂದು 30 ಗ್ರಾಂ ಚಿನ್ನವೂ ಬರುವುದಿಲ್ಲ.

ವಿಮೆಯಲ್ಲೂ ಸಣ್ಣ ಅಕ್ಷರಗಳನ್ನು ಓದಬೇಕು. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುತ್ತಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿ ಬೆಂಕಿ, ನೆರೆ, ಭೂಕಂಪದಂಥ ಆಪತ್ತುಗಳಿಗೆ. ಕಳವಿಗೆ ಅದು ಹೊಣೆಯಾಗುವುದು ಇಂಥ ಆಪತ್ತಿನ ಬೆನ್ನಲ್ಲೇ ಏಳು ದಿನದೊಳಗೆ ಆದ ಕಳವಿಗೆ ಮಾತ್ರ. ಸಾಮಾನ್ಯ ಕನ್ನಗಳವಿಗೆ ಬೇರೆ ವಿಮೆ ಬೇಕು. ಅದರಲ್ಲೂ ಬಲಪ್ರಯೋಗದಿಂದ ಒಳನುಗ್ಗಿದ ಗುರುತಿರಬೇಕೆಂಬ ಷರತ್ತು ಇದ್ದರೆ ಅದು ಕಟ್ಟುನಿಟ್ಟು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಚಪ್ಪಲಿ ಗೂಡಿನ ಕೀಲಿಯಿಂದ ಬಾಗಿಲು ತೆರೆದ ಕಳ್ಳ ಒಡವೆಯ ಜೊತೆಗೆ ವಿಮೆಯ ಹಣವನ್ನೂ ಒಯ್ದಂತೆ.

ಕಳವಾಗಿದೆ ಎಂದು ತಿಳಿದ ಕ್ಷಣ ಒಳಗೆ ಓಡಿ ಬೀರುವನ್ನು ತಡಕಾಡುವುದು ಸಹಜ. ಮಾಡಬಾರದ್ದೂ ಅದೇ. ಕಳ್ಳ ಇನ್ನೂ ಒಳಗಿರಬಹುದು. ಇಲ್ಲದಿದ್ದರೆ ಅವನ ಬೆರಳಚ್ಚು ಇರಬಹುದು. ಬೆರಳಚ್ಚಿನಿಂದ ಕಳ್ಳನನ್ನು ಹಿಡಿಯುವ ವಿದ್ಯೆ ಗಟ್ಟಿಯಾದದ್ದು ಭಾರತದಲ್ಲೇ. ಲೋಕದ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಕಲ್ಕತ್ತದಲ್ಲಿ ತೆರೆಯಿತು. ಮರುವರ್ಷವೇ ಜಲ್‌ಪಾಯ್‌ಗುಡಿಯ ಚಹಾತೋಟದ ಮ್ಯಾನೇಜರನ ಕೊಲೆ ಪ್ರಕರಣದಲ್ಲಿ ಪಂಚಾಂಗದ ಮೇಲಿದ್ದ ಹೆಬ್ಬೆರಳ ಗುರುತು ಹಳೆಯ ಆಳಿನದೆಂದು ಗೊತ್ತಾಯಿತು. ಕೊಲೆಯ ಆರೋಪ ಸಾಬೀತಾಗಲಿಲ್ಲ, ಕಳವಿಗೆ ಶಿಕ್ಷೆಯಾಯಿತು. ಇಂದು ಆ ಕೆಲಸವನ್ನು ದೇಶವ್ಯಾಪಿ ಕಂಪ್ಯೂಟರ್ ಜಾಲ ಮಾಡುತ್ತದೆ. ಆದ್ದರಿಂದ ಹೊರಗೇ ನಿಂತು 112ಕ್ಕೆ ಕರೆ ಮಾಡಿ, ಏನನ್ನೂ ಮುಟ್ಟದೆ ಕಾಯಬೇಕು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ವ್ಯಾಪ್ತಿ ತಮ್ಮದಲ್ಲವೆಂದು ತಿರಸ್ಕರಿಸುವಂತಿಲ್ಲ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಮೊಬೈಲ್ ಹೋಗಿದ್ದರೆ ಸಿಇಐಆರ್ ಜಾಲತಾಣದಲ್ಲಿ ಅದರ ಐಎಂಇಐ ಸಂಖ್ಯೆ ಕೊಟ್ಟು ನಿಷ್ಕ್ರಿಯಗೊಳಿಸಬಹುದು. ಆ ಸಂಖ್ಯೆ *#06# ಒತ್ತಿದರೆ ಕಾಣುತ್ತದೆ, ಫೋನ್ ಕೈಯಲ್ಲಿದ್ದಾಗಲೇ ಬರೆದಿಟ್ಟುಕೊಂಡಿರಬೇಕು.

ಸಿಕ್ಕ ಮಾಲು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಯಬೇಕಿಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಫೋಟೊ, ಪಂಚನಾಮೆ ಮಾಡಿಸಿ ಬೇಗನೆ ಮಾಲೀಕರಿಗೆ ಕೊಡಬೇಕೆಂದು ಹೇಳಿದೆ. ಕರ್ನಾಟಕದ ಪೊಲೀಸರು ವಶಪಡಿಸಿಕೊಂಡ ಸ್ವತ್ತನ್ನು ಪರೇಡ್ ಮಾಡಿ ಹಿಂದಿರುಗಿಸುತ್ತಾರೆ. ಉದ್ದನೆಯ ಮೇಜುಗಳ ಮೇಲೆ ಸರ, ಬಳೆ, ಓಲೆ, ಬೆಳ್ಳಿ ಬಟ್ಟಲುಗಳ ಸಾಲು. ತಾಯಿ ಕೊಟ್ಟ ಅವಲಕ್ಕಿ ಸರ ಇದೇ ಎಂದು ಹೆಂಗಸರು ಕಣ್ಣೊರಸಿಕೊಳ್ಳುವುದು ಅಲ್ಲಿನ ದೃಶ್ಯ. ಆದರೆ ಒಂದೇ ಅಚ್ಚಿನ ಎರಡು ಸರಗಳಲ್ಲಿ ತನ್ನದು ಯಾವುದೆಂದು ಹೇಳಲು ಕಣ್ಣೀರು ಸಾಲದು, ಗುರುತು ಬೇಕು. 2023ರ ಏಪ್ರಿಲ್‌ನಿಂದ ಮಾರಾಟವಾಗುವ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಕಡ್ಡಾಯ. ಹಳೆಯ ಒಡವೆಗೆ ಅದೂ ಇಲ್ಲ. ಇಂದು ಸಂಜೆಯೇ ಬೀರು ತೆರೆದು, ಬಿಳಿ ಬಟ್ಟೆಯ ಮೇಲೆ ಒಂದೊಂದೇ ಒಡವೆ ಇಟ್ಟು ಎರಡೂ ಕಡೆಯ ಫೋಟೊ ತೆಗೆಯಿರಿ. ತೂಕ, ಗುರುತಿನ ಸಂಖ್ಯೆ, ಕೊಂಡ ಅಂಗಡಿ, ವರ್ಷ ಬರೆಯಿರಿ. ಒಂದು ಪ್ರತಿಯನ್ನು ಮನೆಯಿಂದ ಹೊರಗೆ, ನಂಬಿಕೆಯವರ ಬಳಿ ಇಡಿ.